ತಕ್ಕಡಿಯಲ್ಲಿ ಎರಡು ಹಾಡು

ಹೊಸ ಹಾಡೊಂದು ಕಿವಿಗೆ ಬಿದ್ದ ಕೂಡಲೇ 'ಅದಕ್ಕಿಂತ ಇದು ಛಲೋ' ಎಂದುಬಿಡುತ್ತೇವೆ. 'ಇದು ಛಲೋ' ಎಂದಷ್ಟೇ ಹೇಳಿ ಸುಮ್ಮನಿರಲು ನಮಗೇಕೆ ಆಗುವುದಿಲ್ಲ?

ನನ್ನ ಇಬ್ಬರು ಹೆಣ್ಣುಮಕ್ಕಳದು ಇದೇ ಜಗಳ. ಈಗ ಹಾಡುಗಳು ಒಂದೊಂದಾಗಿಯೇ ಫೋನಿನಲ್ಲಿ ಬಿಡುಗಡೆಯಾಗುತ್ತವೆ. ಅದಕ್ಕೆ ಸಿಂಗಲ್ ಎಂದು ಹೆಸರು. ದೊಡ್ಡವಳಿಗೆ ಸೋಲ್ ಹಾಡು ಬೇಕು, ಚಿಕ್ಕವಳಿಗೆ ಇಂಡೀ ರಾಕ್. ಹೊಸದು ಬಂದ ದಿನ ಎರಡೂ ಫೋನು ನನ್ನ ಮುಂದೆ. "ಅವ್ವಾ, ನೀನ ಹೇಳು, ಯಾವ್ದು ಛಲೋ ಅದ?" ಉತ್ತರಪತ್ರಿಕೆ ತಿದ್ದುವವಳಿಗೆ ಅಂಕ ಕೊಡುವುದೇನು ಕಷ್ಟ ಎಂದು ಅವರ ಎಣಿಕೆ.

ಸೋಲ್ ಎಂಬುದು ನಮ್ಮ ಕಿವಿಗೆ ಸೋಲು ಎಂದು ಕೇಳಿದರೂ ಅದರ ಅರ್ಥ ಆತ್ಮ. ಅಮೆರಿಕದ ಕಪ್ಪು ಜನ ಚರ್ಚಿನಲ್ಲಿ ಎದೆ ತುಂಬಿ ಹಾಡುತ್ತಿದ್ದ ಧಾಟಿ 1950ರ ದಶಕದಲ್ಲಿ ಸಂಸಾರದ ಸುಖದುಃಖಕ್ಕೆ ಇಳಿದು ಬಂದು ಹುಟ್ಟಿದ್ದು ಅದು. ಇಂಡೀ ಎಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ್ದು. ಕನ್ನಡದಲ್ಲಿ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ, ಸಿನಿಮಾದ ಆಸರೆಯಿಲ್ಲದೆ, ಶಿಶುನಾಳ ಶರೀಫರ (1819–1889) ತತ್ವಪದಗಳನ್ನು ಗಿಟಾರಿನ ಜೊತೆ ಹಾಡಿದರಲ್ಲ, ಆ ಬಗೆಯದು. ಒಂದರಲ್ಲಿ ಕೇಳಬೇಕಾದ್ದು ಕಂಠದ ಆಳ; ಇನ್ನೊಂದರಲ್ಲಿ, ಯಾರಿಗೂ ತಲೆಬಾಗದ ಸ್ವಂತ ದಾರಿ. ಜೋಳವನ್ನು ಸೇರಿನಲ್ಲಿ ಅಳೆಯುತ್ತೇವೆ, ಬಟ್ಟೆಯನ್ನು ಮೊಳದಲ್ಲಿ. ಮೊಳ ಹಿಡಿದು ಜೋಳ ಅಳೆಯಲು ಹೊರಟರೆ ತಪ್ಪು ಜೋಳದ್ದಲ್ಲ.

ಹಾಗೆಂದು ಹೋಲಿಸುವುದೇ ಪಾಪವೆಂದು ನಾನು ಹೇಳಲಾರೆ. 1965ರಲ್ಲಿ ಓಟಿಸ್ ರೆಡ್ಡಿಂಗ್ ಎಂಬ ಗಾಯಕ 'ರೆಸ್ಪೆಕ್ಟ್' ಎಂಬ ಹಾಡು ಬರೆದು ಹಾಡಿದ. ದುಡಿದು ಮನೆಗೆ ಬರುವ ಗಂಡಸು ಹೆಂಡತಿಯಿಂದ ಮರ್ಯಾದೆ ಕೇಳುವ ಹಾಡು ಅದು. ಎರಡು ವರ್ಷದ ಮೇಲೆ, 1967ರಲ್ಲಿ, ಅರೀಥಾ ಫ್ರಾಂಕ್ಲಿನ್ ಅದನ್ನೇ ಎತ್ತಿಕೊಂಡು ಹೆಣ್ಣಿನ ಬಾಯಲ್ಲಿಟ್ಟಳು. ಹಿಂದೆ ನಿಂತು ದನಿಗೂಡಿಸಿದವರು ಅವಳ ಅಕ್ಕತಂಗಿಯರು. ಆ ಪದದ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಹೇಳುವ ಭಾಗ ಅವಳು ಸೇರಿಸಿದ್ದು. ದಡ್ಡ ಹುಡುಗನಿಗೆ ಕಾಗುಣಿತ ತಿದ್ದಿಸುವ ಹಾಗೆ! ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದಾಗಲೇ ಅವಳು ಮಾಡಿದ್ದೇನೆಂದು ತಿಳಿಯುವುದು. ಹೋಲಿಕೆ ಇಲ್ಲಿ ಕಣ್ಣು ತೆರೆಸುತ್ತದೆ.

ನಮ್ಮ ಸೀಮೆಯ ಭಜನೆಯಲ್ಲಿ ಹೆಂಗಸರು ಚೀಕಲಪರ್ವಿಯ ವಿಜಯದಾಸರ ಸುಳಾದಿಯನ್ನೂ ಹಾಡುತ್ತಾರೆ, ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರವನ್ನೂ ಹಾಡುತ್ತಾರೆ. ಒಂದು ತಾಳ ಬದಲಿಸುತ್ತ ಸಾಗುತ್ತದೆ, ಇನ್ನೊಂದು ಭಾಮಿನಿ ಷಟ್ಪದಿಯಲ್ಲಿ ನಡೆಯುತ್ತದೆ. ಈ ಭೇದ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಮೊದಲ ಬಹುಮಾನ ಯಾವ ದಾಸರಿಗೆ ಎಂದು ಯಾರೂ ಕೇಳುವುದಿಲ್ಲ.

ತಿಳಿಯಲು ಹೋಲಿಸುವುದು ಬೇರೆ, ಮೇಲೆ ಕೆಳಗೆ ಕೂಡಿಸಲು ಹೋಲಿಸುವುದು ಬೇರೆ. ಹಾಡಿಗೆ ಇದರಿಂದ ನೋವಿಲ್ಲ, ಮನುಷ್ಯರಿಗಿದೆ. ಅದರಲ್ಲೂ ಹೆಣ್ಣುಮಕ್ಕಳಿಗೆ ಈ ತಕ್ಕಡಿ ತಪ್ಪಿದ್ದಲ್ಲ. ಹೆಣ್ಣು ನೋಡಲು ಬಂದವರು ತೂಗುತ್ತಾರೆ, ಹಿರಿಸೊಸೆಯ ಜೊತೆ ಕಿರಿಸೊಸೆಯನ್ನು ಅತ್ತೆ ತೂಗುತ್ತಾಳೆ. ಚಿಕ್ಕವಳು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬಳಗದ ಹಿರಿಯರೊಬ್ಬರು ಅವಳ ಹಾಡು ಕೇಳಿ, "ಅಕ್ಕನಷ್ಟು ಕಂಠ ಇಲ್ಲ ಬಿಡು" ಎಂದರು. ಅವರಿಗೆ ಅದೊಂದು ಸಹಜ ಮಾತು. ಅವಳು ಮಾತ್ರ ಮಂದಿಯ ಮುಂದೆ ಹಾಡುವುದನ್ನೇ ಬಿಟ್ಟಳು. ನಯವಿಲ್ಲದ ಒರಟು ದನಿಯ ಆ ರಾಕ್ ಹಾಡುಗಳು ಅವಳಿಗೆ ಅಷ್ಟೇಕೆ ಹಿಡಿಸಿದವೆಂದು ಎಷ್ಟೋ ದಿನಗಳ ಮೇಲೆ ನನಗೆ ಹೊಳೆಯಿತು. ಅಲ್ಲಿ ಯಾರ ಕಂಠವನ್ನೂ ಯಾರೂ ಅಕ್ಕನ ಕಂಠದೊಡನೆ ತೂಗುವುದಿಲ್ಲ.

ಎರಡು ಹಾಡನ್ನು, ಇಬ್ಬರು ಮಕ್ಕಳನ್ನು, ಪಕ್ಕಪಕ್ಕ ಕೂಡಿಸಿಕೊಂಡು ಕೇಳಬಹುದು. ಒಬ್ಬರು ಹಾಡುವಾಗ ಇನ್ನೊಬ್ಬರ ಹೆಸರು ಎತ್ತದಿದ್ದರೆ ಸಾಕು.