ನೌಕಾ ಗಡಿಯಾರದ ಸಂಗ್ರಹ: ಒಂದು ಮೀಮಾಂಸೆ

ವಿಷಯ: ಫ್ಲಾರೆನ್ಸ್ ಮೂಲದ ಪನೆರಾಯ್ ಕಂಪನಿಯ ಲಿಮಿಟೆಡ್ ಎಡಿಷನ್ ಕೈಗಡಿಯಾರಗಳು. ಇವುಗಳ ಮೊದಲ ಮಾದರಿ ಇಟಲಿಯ ನೌಕಾಪಡೆಗಾಗಿ 1936ರಲ್ಲಿ ತಯಾರಾಯಿತು. ಸಾರ್ವಜನಿಕರ ಕೈಗೆ ಸಿಕ್ಕಿದ್ದು 1993ರಲ್ಲಿ. ಸಂಶಯ: ಲಕ್ಷಗಟ್ಟಲೆ ಸುರಿದು ಇವನ್ನು ಕೂಡಿಡುವವನು ನೌಕಾ ಪರಂಪರೆಯನ್ನು ಕೂಡಿಡುತ್ತಾನೋ, ಬರಿಯ ಸಂಖ್ಯೆಯನ್ನೋ?

ಸಮುದ್ರದ ಮುಖವನ್ನೇ ಕಾಣದ ಹೊಸ ಗಡಿಯಾರಕ್ಕೆ ಎಲ್ಲಿಯ ಪರಂಪರೆ, ಎಲ್ಲ ಜಾಹೀರಾತು ಎಂಬುದು ಪೂರ್ವಪಕ್ಷ. ಇದನ್ನು ತೀರ್ಮಾನಿಸಲು ಗಡಿಯಾರದ ಆಕಾರಕ್ಕೆ ಕಾರಣ ಏನೆಂದು ನೋಡಬೇಕು. 47 ಮಿಲಿಮೀಟರ್ ಅಗಲ ಬಂದದ್ದು ರಾತ್ರಿ ಕದಡಿದ ನೀರಿನೊಳಗೆ ಸಮಯ ಕಾಣಬೇಕಿದ್ದರಿಂದ. ಡಯಲ್ ಎರಡು ಪದರದ್ದು: ಕೆಳಗಿನ ತಟ್ಟೆಗೆ ಹೊಳೆಯುವ ಲೇಪ, ಮೇಲಿನದರಲ್ಲಿ ಅಂಕಿಗಳನ್ನು ಕೊರೆದ ಕಿಂಡಿ. ದಿನವೂ ಕೀ ಕೊಡುವ ಗಡಿಯಾರದಲ್ಲಿ ಕ್ರೌನಿನ, ಅಂದರೆ ಕೀ ತಿರುಗಿಸುವ ಗುಂಡಿಯ, ಸೀಲು ಬೇಗ ಸವೆಯುತ್ತದೆ, ನೀರು ನುಗ್ಗುವುದು ಅಲ್ಲಿಂದಲೇ. ಅದಕ್ಕೇ ಬದಿಯಲ್ಲಿ ಅರ್ಧಚಂದ್ರಾಕಾರದ ಕಾಪು, ಅದರೊಳಗೊಂದು ಪುಟ್ಟ ಲಿವರ್. ಮಡಚಿದರೆ ಕ್ರೌನನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ತಮಾಷೆಯೆಂದರೆ, ಯುದ್ಧದ ಗುರುತೆಂದು ಎಲ್ಲರೂ ಬೆರಳು ಮಾಡಿ ತೋರಿಸುವ ಈ ಲಿವರಿಗೆ ಪೇಟೆಂಟ್ ಕೇಳಿದ್ದು 1950ರ ದಶಕದ ನಡುವೆ, ಯುದ್ಧ ಮುಗಿದ ಎಷ್ಟೋ ವರ್ಷಕ್ಕೆ.

ಆದ್ದರಿಂದ ಈ ಕಾರಣಗಳು ಇನ್ನೂ ಕೆಲಸ ಮಾಡುತ್ತಿರುವ ಗಡಿಯಾರಕ್ಕೆ ನೌಕಾ ಪರಂಪರೆ ಸಲ್ಲುತ್ತದೆ. ಹಿಂಬದಿಯಲ್ಲಿ ಲಾಂಛನ ಕೊರೆದು ಕೈತೊಳೆದುಕೊಂಡದ್ದಕ್ಕೆ ಸಲ್ಲದು. ಅಲ್ಲಿ ಪೂರ್ವಪಕ್ಷವೇ ಗೆಲ್ಲುತ್ತದೆ. ಹೊಸ ಲೇಪಕ್ಕೆ ಹಳದಿ ಬಣ್ಣ ಬೆರೆಸಿ ಮುಪ್ಪು ತರಿಸುವ ಚಾಳಿಯನ್ನೂ ನಾನು ಆ ಲೆಕ್ಕಕ್ಕೇ ಸೇರಿಸುತ್ತೇನೆ. (ನಿಜವಾದ ಹಳೆಯ ಡಯಲಿನಲ್ಲಿರುವುದು ರೇಡಿಯಂ. ಹೊಳಪು ಎಂದೋ ಆರಿರುತ್ತದೆ, ವಿಕಿರಣ ಆರಿರುವುದಿಲ್ಲ. ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಬಿಚ್ಚಿ ನೋಡುವ ಆಸೆ ಬೇಡ.)

ಸಂಖ್ಯೆ ಘೋಷಿಸಿ ಹುಟ್ಟಿಸಿದ ವಿರಳತೆ ವಿರಳತೆಯೇ ಅಲ್ಲ ಎನ್ನಬಹುದು. ಅರ್ಧ ಒಪ್ಪತಕ್ಕ ಮಾತು. 1997ರಲ್ಲಿ ಹಳೆಯ ರೋಲೆಕ್ಸ್ ಯಂತ್ರಗಳನ್ನು ಹಾಕಿ 60 ಪ್ಲಾಟಿನಂ ಗಡಿಯಾರ ಮಾಡಿದರು. ಆ ಯಂತ್ರಗಳನ್ನು ಮತ್ತೆ ಯಾರೂ ತಯಾರಿಸುವಂತಿರಲಿಲ್ಲ, ಮಿತಿ ವಸ್ತುವಿನಲ್ಲೇ ಇತ್ತು. 2002ರ ‘ಲ್ಯೂಮಿನಾರ್ 1950’ ಬಂದದ್ದು 1950 ಪ್ರತಿಗಳಲ್ಲಿ. ಹೆಸರಿನಲ್ಲಿದ್ದ ಇಸವಿಯೇ ಸಂಖ್ಯೆಯಾಯಿತು! ಇಂಥ ಮಿತಿ ಒಂದು ವಾಗ್ದಾನ ಅಷ್ಟೆ. ಕೂದಲೆಳೆಯಷ್ಟು ಬದಲಿಸಿದ ಇನ್ನೊಂದು ಮರುವರ್ಷ ಬಂದರೆ ವಾಗ್ದಾನ ಕಾಗದದಲ್ಲಿ ಉಳಿಯುತ್ತದೆ, ಕೊಂಡವನ ಜೇಬು ಖಾಲಿಯಾಗಿಯೇ ಇರುತ್ತದೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ: ಇದು ಫ್ಯಾಸಿಸ್ಟ್ ಆಳ್ವಿಕೆಯ ಸೇನೆಯ ಪರಂಪರೆ, ಅದನ್ನು ಮಣಿಕಟ್ಟಿನಲ್ಲಿ ಮೆರೆಸುವುದೇ? ಸಂಗ್ರಹಕಾರರು ಸಾಮಾನ್ಯವಾಗಿ ಅಲೆಕ್ಸಾಂಡ್ರಿಯಾದ ಕಥೆ ಹೇಳಿ ಪಾರಾಗುತ್ತಾರೆ. 1941ರ ಡಿಸೆಂಬರ್ 18-19ರ ರಾತ್ರಿ ಇಟಲಿಯ ನೌಕಾಪಡೆಯ ಡೆಚಿಮಾ ಮಾಸ್ ದಳದ ಆರು ಮಂದಿ ಮೂರು ಟಾರ್ಪೆಡೊಗಳ ಮೇಲೆ ಸವಾರಿ ಮಾಡುತ್ತ ಆ ಬಂದರಿಗೆ ನುಸುಳಿ, ಬ್ರಿಟಿಷರ ಕ್ವೀನ್ ಎಲಿಜಬೆತ್, ವೇಲಿಯಂಟ್ ಯುದ್ಧನೌಕೆಗಳಿಗೆ ಸಿಡಿತಲೆ ಇಟ್ಟರು. ಅವರಲ್ಲಿ ಸೆರೆಸಿಕ್ಕ ದುರಾಂದ್ ದೆ ಲಾ ಪೆನ್ನೆಯನ್ನು ವೇಲಿಯಂಟ್‌ನ ತಳದಲ್ಲೇ ಕೂಡಿಹಾಕಿದ್ದರು. ಸ್ಫೋಟಕ್ಕೆ ಸ್ವಲ್ಪ ಮುಂಚೆ ಅವನು ಆ ನೌಕೆಯ ಕ್ಯಾಪ್ಟನ್ ಮಾರ್ಗನ್‌ನನ್ನು ಕರೆಸಿ ಎಚ್ಚರಿಸಿದ. 1945ರಲ್ಲಿ ಅವನ ಎದೆಗೆ ಇಟಲಿಯ ಚಿನ್ನದ ಪದಕ ತೊಡಿಸಿದವನು ಅದೇ ಮಾರ್ಗನ್.

ಈ ಕಥೆಯಿಂದ ಆಕ್ಷೇಪ ತೀರುವುದಿಲ್ಲ. ಪಿತ್ರಾರ್ಜಿತ ತೆಗೆದುಕೊಂಡ ಮೇಲೆ ಅದರ ಸಾಲವೂ ಬರುತ್ತದೆ. ಸಂಗ್ರಹ ಬಿಡಬೇಕೆಂದು ನಾನು ಹೇಳುತ್ತಿಲ್ಲ, ಕಥೆಯನ್ನು 1943ಕ್ಕೆ ಮುಂಚೆ ಮೊಟಕು ಮಾಡಬಾರದು ಎನ್ನುತ್ತೇನೆ. ಆ ಆರು ಮಂದಿಯನ್ನು ಅಲೆಕ್ಸಾಂಡ್ರಿಯಾದ ಬಳಿಗೆ ತಲುಪಿಸಿದ ಜಲಾಂತರ್ಗಾಮಿಯ ನಾಯಕ ಬೋರ್ಗೇಸೆ. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಮೇಲೆ ಮುಸೊಲಿನಿಯ ಪಕ್ಷದಲ್ಲೇ ಉಳಿದು, ಅದೇ ದಳದ ಹೆಸರಿನಲ್ಲಿ ತನ್ನ ದೇಶದ ಪ್ರತಿರೋಧ ಹೋರಾಟಗಾರರನ್ನೇ ಬೇಟೆಯಾಡಿದ. ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿದ್ದು 1949ರಲ್ಲಿ. ಲ್ಯೂಮಿನಾರ್ ಎಂಬ ಹೆಸರು ನೋಂದಣಿಯಾದದ್ದೂ ಆ ವರ್ಷವೇ.