ತಕ್ಕಡಿ ಯಾರ ಕೈಲಿತ್ತು?

ಹಳೇ ಕಾಲದ ಬಾಕ್ಸಿಂಗ್ ಬಗ್ಗೆ ಹುಚ್ಚಿರೋ ನಾಲ್ಕು ಜನ ಒಂದು ಕಡೆ ಸೇರಿದರೆ ಆ ಪ್ರಶ್ನೆ ಬಂದೇ ಬರುತ್ತೆ: ತೂಕದ ಲೆಕ್ಕ ಬದಿಗಿಟ್ಟು ನೋಡಿದರೆ ಎಲ್ಲರಿಗಿಂತ ದೊಡ್ಡವನು ಯಾರು? ಅರವತ್ತು ಕೆಜಿಯವನನ್ನೂ ನೂರು ಕೆಜಿಯವನನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ, ಇಬ್ಬರದೂ ಒಂದೇ ಮೈಕಟ್ಟಾಗಿದ್ದರೆ ಯಾರು ಗೆಲ್ತಿದ್ದರು ಅಂತ ಊಹಿಸೋ ಆಟ ಇದು. ನನಗೂ ಈ ಆಟ ಇಷ್ಟ. ಆದರೆ ಆಡ್ತಾ ಆಡ್ತಾ ಅನ್ನಿಸಿದ್ದು, ಇದರಲ್ಲಿ ಗುದ್ದಿನ ಲೆಕ್ಕಕ್ಕಿಂತ ನ್ಯಾಯದ ಲೆಕ್ಕವೇ ಕಷ್ಟದ್ದು.

ಮೊದಲು ಸುಲಭದ ಹೆಸರು ತಗೊಳ್ಳೋಣ: ಬಾಬ್ ಫಿಟ್ಸಿಮನ್ಸ್. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿ, ನ್ಯೂಜಿಲೆಂಡಿನಲ್ಲಿ ಬೆಳೆದು, ಕಮ್ಮಾರಿಕೆ ಮಾಡಿ ತೋಳು ಗಟ್ಟಿ ಮಾಡಿಕೊಂಡವನು. 1891ರಲ್ಲಿ ಮಿಡಲ್‌ವೇಯ್ಟ್ ಪಟ್ಟ ಗೆದ್ದ. 1897ರಲ್ಲಿ ನೆವಾಡಾದ ಕಾರ್ಸನ್ ಸಿಟಿಯಲ್ಲಿ, ತನಗಿಂತ ಭಾರದ ಆಳಾಗಿದ್ದ ಜೇಮ್ಸ್ ಕಾರ್ಬೆಟ್‌ನ ಹೊಟ್ಟೆಗೆ 14ನೇ ಸುತ್ತಿನಲ್ಲಿ ಗುದ್ದಿ ಕೆಡವಿ ಹೆವಿವೇಯ್ಟ್ ಚಾಂಪಿಯನ್ ಆದ. ನಲವತ್ತರ ವಯಸ್ಸಿನಲ್ಲಿ, 1903ರಲ್ಲಿ, ಲೈಟ್ ಹೆವಿವೇಯ್ಟ್ ಪಟ್ಟವನ್ನೂ ಹೊಡೆದುಕೊಂಡ. ಮೂರು ತೂಕಗಳಲ್ಲಿ ಪಟ್ಟ ಗೆದ್ದ ಮೊದಲಿಗ. ಪಟ್ಟಗಳನ್ನು ಎಣಿಸಿ ತೀರ್ಪು ಕೊಡೋದಾದರೆ ಚರ್ಚೆ ಇಲ್ಲಿಗೇ ಮುಗೀತು.

ಆದರೆ ಪಟ್ಟ ಎಣಿಸೋಕೆ ಮುಂಚೆ, ಪಟ್ಟಕ್ಕೆ ಕಾದಾಡೋಕೆ ಯಾರನ್ನ ಬಿಡ್ತಿದ್ದರು ಅಂತ ಕೇಳಬೇಕಲ್ವಾ?

ಜೋ ಗಾನ್ಸ್‌ನ ಕಥೆ ನೋಡಿ. 1902ರಲ್ಲಿ ಲೈಟ್‌ವೇಯ್ಟ್ ಪಟ್ಟ ಗೆದ್ದ ಕಪ್ಪು ಅಮೆರಿಕನ್. 1906ರ ಸೆಪ್ಟೆಂಬರ್‌ನಲ್ಲಿ ನೆವಾಡಾದ ಗಣಿ ಊರು ಗೋಲ್ಡ್‌ಫೀಲ್ಡ್‌ನಲ್ಲಿ ಬ್ಯಾಟ್ಲಿಂಗ್ ನೆಲ್ಸನ್ ಜೊತೆ ಪಂದ್ಯ. ಚಾಂಪಿಯನ್ ಗಾನ್ಸ್, ಆದರೆ ಶರತ್ತು ಹಾಕಿದ್ದು ಬಿಳಿಯ ನೆಲ್ಸನ್ ಕಡೆಯವರು. ಬಟ್ಟೆ, ಬೂಟು ತೊಟ್ಟೇ 133 ಪೌಂಡ್ ಒಳಗೆ ತೂಗಬೇಕು ಅಂದರು. ಮೊದಲೇ ಒಣಗಿದ್ದ ಮೈಯನ್ನ ಇನ್ನಷ್ಟು ಒಣಗಿಸಿಕೊಂಡು ಗಾನ್ಸ್ ಒಪ್ಪಿಕೊಂಡ. ಹಣದಲ್ಲೂ ಹೆಚ್ಚಿನ ಪಾಲು ನೆಲ್ಸನ್‌ಗೇ. ಬಿಸಿಲಲ್ಲಿ 42 ಸುತ್ತು ನಡೀತು. ಕೊನೆಗೆ ನೆಲ್ಸನ್ ಸೊಂಟದ ಕೆಳಗೆ ಹೊಡೆದು ಪಂದ್ಯ ಕಳಕೊಂಡ. ನಾಲ್ಕು ವರ್ಷ ಕಳೆಯೋದರೊಳಗೆ ಗಾನ್ಸ್ ಕ್ಷಯದಿಂದ ಸತ್ತ. ತೂಕ ಅನ್ನೋದು ಎಲ್ಲರಿಗೂ ಸಮ ಅಂತೀವಿ. ಅವತ್ತು ತಕ್ಕಡಿ ಯಾರ ಕೈಲಿತ್ತು?

ಗಾನ್ಸ್‌ಗೆ ಅನ್ಯಾಯದ ಶರತ್ತಾದರೂ ಸಿಕ್ಕಿತು. ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಅದೂ ಇಲ್ಲ. ಕೆನಡಾದ ನೋವಾ ಸ್ಕೋಷಿಯಾದವನು, ಎತ್ತರ ಸುಮಾರು ಐದಡಿ ಏಳಿಂಚು. 1903ರಲ್ಲಿ, ಇನ್ನೂ ಮೀಸೆ ಮೂಡೋ ವಯಸ್ಸಿನಲ್ಲಿ, ಇದೇ ಗಾನ್ಸ್‌ನನ್ನ ಸೋಲಿಸಿದ. ಪಟ್ಟ ಮಾತ್ರ ಪಣಕ್ಕಿರಲಿಲ್ಲ. ಆಮೇಲೆ ಮೈ ತುಂಬಿಕೊಂಡು, ತನಗಿಂತ ಗೇಣೆತ್ತರದ ಹೆವಿವೇಯ್ಟ್‌ಗಳನ್ನ ಮಲಗಿಸ್ತಾ ಹೋದ. ಹೆವಿವೇಯ್ಟ್ ಪಟ್ಟಕ್ಕೆ ಒಂದೇ ಒಂದು ಅವಕಾಶವೂ ಸಿಗಲಿಲ್ಲ. ಬಿಳಿ ಚಾಂಪಿಯನ್‌ಗಳು ಕರಿಯರಿಗೆ ಬಾಗಿಲು ಮುಚ್ಚಿದ್ದರಿಂದ ಕಪ್ಪು ಬಾಕ್ಸರ್‌ಗಳು ಒಬ್ಬರನ್ನೊಬ್ಬರು ಹೊಡೆದುಕೊಂಡೇ ಹೊಟ್ಟೆ ಹೊರೀಬೇಕಿತ್ತು. ಹ್ಯಾರಿ ವಿಲ್ಸ್ ಒಬ್ಬನ ಜೊತೆಗೇ ಲ್ಯಾಂಗ್‌ಫರ್ಡ್ ಹದಿನೈದಕ್ಕೂ ಹೆಚ್ಚು ಸಲ ಕಾದಾಡಿದ. ಆ ಹೊಡೆತಗಳಲ್ಲೇ ಕಣ್ಣು ಹೋಯ್ತು. 1944ರಲ್ಲಿ ಆಲ್ ಲೇನಿ ಅನ್ನೋ ಪತ್ರಕರ್ತ ಹುಡುಕಿಕೊಂಡು ಹೋದಾಗ ಆತ ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಕೋಣೆಯಲ್ಲಿ, ಕಾಸಿಲ್ಲದೆ, ಕುರುಡನಾಗಿ ಕೂತಿದ್ದ.

ಇಷ್ಟೇ ಆಗಿದ್ದರೆ ತೀರ್ಪು ಸುಲಭವಿತ್ತು. ತೊಡಕು ಹುಟ್ಟೋದು ಜಾಕ್ ಜಾನ್ಸನ್ ಬಂದಾಗ. ಬಾಗಿಲು ಬಡಿದೂ ಬಡಿದೂ 1908ರ ಡಿಸೆಂಬರ್‌ನಲ್ಲಿ ಸಿಡ್ನಿಯವರೆಗೆ ಹೋಗಿ, ಟಾಮಿ ಬರ್ನ್ಸ್‌ನನ್ನ ಸೋಲಿಸಿ, ಮೊದಲ ಕಪ್ಪು ಹೆವಿವೇಯ್ಟ್ ಚಾಂಪಿಯನ್ ಆದವನು ಆತ. 1915ರವರೆಗೆ ಪಟ್ಟ ಅವನದೇ. ಅಷ್ಟು ವರ್ಷದಲ್ಲಿ ಲ್ಯಾಂಗ್‌ಫರ್ಡ್‌ಗೆ ಅವನೂ ಬಾಗಿಲು ತೆಗೀಲಿಲ್ಲ. 1906ರಲ್ಲಿ ಒಮ್ಮೆ ಲ್ಯಾಂಗ್‌ಫರ್ಡ್‌ನನ್ನ 15 ಸುತ್ತುಗಳಲ್ಲಿ ಸೋಲಿಸಿದ್ದ ನಿಜ, ಆದರೆ ಅವತ್ತು ಜಾನ್ಸನ್ ಹತ್ತಿರಹತ್ತಿರ 30 ಪೌಂಡ್ ಹೆಚ್ಚು ಭಾರವಿದ್ದ. ಇಬ್ಬರು ಕರಿಯರ ಪಂದ್ಯಕ್ಕೆ ಟಿಕೆಟ್ ಖರ್ಚಾಗಲ್ಲ ಅನ್ನೋದು ಆ ಕಾಲದ ವ್ಯಾಪಾರದ ಮಾತು. ಅದು ಸುಳ್ಳಲ್ಲ. ಊರೆಲ್ಲ ತನ್ನನ್ನ ಕೆಡವೋಕೆ ಕಾದಿದ್ದಾಗ, ಅತಿ ಅಪಾಯದ ಎದುರಾಳಿಯನ್ನ ತಾನೇ ಕರೆದು ಕೂರಿಸೋ ಹಂಗು ಅವನಿಗೆ ಇತ್ತಾ?

ನನ್ನ ಉತ್ತರ: ಇತ್ತು. ಗೋಡೆ ಕಟ್ಟಿದವನು ಜಾನ್ಸನ್ ಅಲ್ಲ, ಆದರೆ ಏಳು ವರ್ಷ ಬೀಗದ ಕೈ ಅವನ ಜೇಬಲ್ಲಿತ್ತು. ಅನ್ಯಾಯ ಉಂಡವನು ಅಂತ ಅವನ ಮೇಲೆ ಮರುಕ ಪಡಬಹುದು. ಅದನ್ನೇ ನೆಪ ಮಾಡಿಕೊಂಡು ಹೊರಗೆ ನಿಂತವನನ್ನ ಮರೆಯೋ ಹಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ಗಟ್ಟಿಯಾದ ಆಕ್ಷೇಪವೇ. ‘ಏನ್ರೀ, ಕನಿಕರಕ್ಕೆಲ್ಲ ಅಂಕ ಕೊಡೋಕಾಗುತ್ತಾ? ಆಡದೇ ಇರೋ ಪಂದ್ಯ ಗೆದ್ದ ಅಂತ ಬರೆಯೋದಾ?’ ಖಂಡಿತ ಬೇಡ. ಆದರೆ ಪರೀಕ್ಷೆಗೆ ಅರ್ಧ ಕ್ಲಾಸಿಗೆ ಹಾಲ್ ಟಿಕೆಟ್ಟೇ ಕೊಡದಿದ್ದರೆ, ಮೊದಲ ರ‍್ಯಾಂಕ್ ಬಂದವನು ಕೂತವರಲ್ಲಿ ಮೊದಲಿಗ, ಅಷ್ಟೇ. ಜೇಮ್ಸ್ ಜೆಫ್ರೀಸ್ 1905ರಲ್ಲಿ ಸೋಲೇ ಕಾಣದೆ ನಿವೃತ್ತನಾದ ಅಂತ ಹೊಗಳ್ತಾರೆ. ಚಾಂಪಿಯನ್ ಆಗಿದ್ದಾಗ ಕಪ್ಪು ಎದುರಾಳಿಗೆ ಪಟ್ಟದ ಪಂದ್ಯ ಕೊಡಲ್ಲ ಅಂತ ಪಟ್ಟು ಹಿಡಿದವನ ಸೊನ್ನೆ ಸೋಲು ಅದು. 1910ರ ಜುಲೈ 4ರಂದು ರೀನೋದಲ್ಲಿ ಜಾನ್ಸನ್ ಎದುರು ನಿಂತಾಗ ಆ ಸೊನ್ನೆಯೂ ಉಳೀಲಿಲ್ಲ. ಹಾಗಾಗಿ ಹೊರಗಿದ್ದವನಿಗೆ ಪುಕ್ಕಟೆ ಅಂಕ ಕೂಡಿಸೋದು ಬೇಡ, ಬಾಗಿಲು ಮುಚ್ಚಿ ಗಳಿಸಿದ್ದನ್ನ ಕಳೆಯೋಣ ಅನ್ನೋದು ನನ್ನ ವಾದ.

ಹಾಗೆ ಕಳೆದ ಮೇಲೆ ನನ್ನ ಪಟ್ಟಿಯಲ್ಲಿ ಲ್ಯಾಂಗ್‌ಫರ್ಡ್ ಮೊದಲು, ಫಿಟ್ಸಿಮನ್ಸ್ ಎರಡನೆಯವನು, ಗಾನ್ಸ್ ಮೂರನೆಯವನು. ಲ್ಯಾಂಗ್‌ಫರ್ಡ್‌ಗೆ ಮೊದಲ ಜಾಗ ಕೊಟ್ಟಿದ್ದು ಅವನ ಕುರುಡುತನ ನೋಡಿ ಅಲ್ಲ. ಲೈಟ್‌ವೇಯ್ಟ್ ಚಾಂಪಿಯನ್‌ನನ್ನ ಸೋಲಿಸಿದ ಕೈಯೇ ಹೆವಿವೇಯ್ಟ್‌ಗಳನ್ನೂ ಕೆಡವಿದ್ದು. ಇಂಥ ಸಾಕ್ಷಿ ಬೇರೆ ಯಾರ ಹತ್ತಿರ ಇದೆ ಹೇಳಿ?

ನಿಮ್ಮ ಪಟ್ಟಿ ಬೇರೆ ಇರಬಹುದು, ಇರ್ಲಿ. ಗೆದ್ದೆತ್ತಿನ ಬಾಲ ಹಿಡಿಯೋದು ನಮಗೆಲ್ಲ ರೂಢಿ. ಮುಂದಿನ ಸಲ ಯಾರಾದರೂ ಜಾಕ್ ಡೆಂಪ್ಸಿಯ ಹೆಸರು ಎತ್ತಿದಾಗ ಹ್ಯಾರಿ ವಿಲ್ಸ್ ಹೆಸರನ್ನೂ ಎತ್ತಿ. 1919ರಿಂದ 1926ರವರೆಗೆ ಡೆಂಪ್ಸಿ ಚಾಂಪಿಯನ್ ಆಗಿದ್ದ. ಅಷ್ಟೂ ವರ್ಷ ವಿಲ್ಸ್ ಕಾಯ್ತಾನೇ ಇದ್ದ. ಜಾನ್ಸನ್ ನಂತರ ಕಪ್ಪು ಬಾಕ್ಸರ್ ಒಬ್ಬನಿಗೆ ಹೆವಿವೇಯ್ಟ್ ಪಟ್ಟಕ್ಕೆ ಕಾದಾಡೋ ಅವಕಾಶ ಸಿಕ್ಕಿದ್ದು 1937ರಲ್ಲಿ, ಜೋ ಲೂಯಿಸ್‌ಗೆ. ಸಿಕ್ಕಿದ ಮೊದಲ ಸಲವೇ ಗೆದ್ದ.