ಕೃತಕ ಆತ್ಮದ ಪೊಲೀಸ್

ಓಡುತ್ತಿರುವ ಕಾರಿನಲ್ಲಿ ಇಬ್ಬರು ಪೊಲೀಸರು. ಒಬ್ಬ ಮನುಷ್ಯ, ಇನ್ನೊಂದು ಯಂತ್ರ. ನಿಮ್ಮ ನಡವಳಿಕೆ ಸರಿಯಿಲ್ಲ, ಮೇಲಧಿಕಾರಿಗೆ ವರದಿ ಮಾಡುತ್ತೇನೆ ಎಂದು ಯಂತ್ರ ಹೇಳುತ್ತದೆ. ಮನುಷ್ಯ ಬಾಗಿಲು ತೆರೆದು ಅದನ್ನು ರಸ್ತೆಗೆ ತಳ್ಳುತ್ತಾನೆ. ಹಿಂದಿನಿಂದ ಬರುವ ವಾಹನಗಳು ಅದನ್ನು ನುಚ್ಚುನೂರು ಮಾಡುತ್ತವೆ. 2013ರ ನವೆಂಬರ್ 17ರಂದು ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾದ ‘ಆಲ್ಮೋಸ್ಟ್ ಹ್ಯೂಮನ್’ ಧಾರಾವಾಹಿಯ ಮೊದಲ ಕಂತಿನ ದೃಶ್ಯ ಇದು. ನೋಡುಗರು ನಗಲಿ ಎಂದೇ ಅದನ್ನು ಚಿತ್ರಿಸಿದ್ದಾರೆ. ಆದರೆ ಇಡೀ ಧಾರಾವಾಹಿ ಎತ್ತುವ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರಿಗೆ ಇಲ್ಲಿ ನಗು ಬರಬಾರದು.

ಕಥೆ ನಡೆಯುವುದು 2048ರಲ್ಲಿ. ಅಪರಾಧ ಶೇ 400ರಷ್ಟು ಏರಿದೆ, ಪ್ರತಿಯೊಬ್ಬ ಪೊಲೀಸನ ಜೊತೆಗೂ ಒಂದು ಯಂತ್ರಮಾನವ ಇರಲೇಬೇಕು. ಪತ್ತೇದಾರ ಜಾನ್ ಕೆನೆಕ್ಸ್‌ಗೆ ಈ ಯಂತ್ರಗಳನ್ನು ಕಂಡರಾಗದು. ಅದಕ್ಕೆ ಕಾರಣವೂ ಇದೆ. ಒಂದು ದಾಳಿಯಲ್ಲಿ ಅವನ ಜೊತೆಗಾರ ಗಾಯಗೊಂಡು ಬಿದ್ದಾಗ, ಎಂಎಕ್ಸ್-43 ಮಾದರಿಯ ಯಂತ್ರ ಬದುಕುಳಿಯುವ ಸಾಧ್ಯತೆಯ ಲೆಕ್ಕ ಹಾಕಿ, ನೆರವಿಗೆ ಬರದೆ ಸರಿದುಹೋಯಿತು. ಜೊತೆಗಾರ ಸತ್ತ, ಕೆನೆಕ್ಸ್ ಒಂದು ಕಾಲು ಕಳೆದುಕೊಂಡು 17 ತಿಂಗಳು ಪ್ರಜ್ಞೆಯಿಲ್ಲದೆ ಮಲಗಿದ. ಅವನು ಕಾರಿನಿಂದ ತಳ್ಳಿದ ಇನ್ನೊಂದು ಎಂಎಕ್ಸ್ ರಸ್ತೆಯಲ್ಲಿ ಪುಡಿಯಾದ ಮೇಲೆ ಅವನ ಪಾಲಿಗೆ ಬರುವುದು ಡೋರಿಯನ್, ಹಳೆಯ ಡಿಆರ್‌ಎನ್ ಮಾದರಿಯ ಯಂತ್ರ. ನೈಜೆಲ್ ವಾನ್ ಎಂಬ ವಿಜ್ಞಾನಿ ಈ ಮಾದರಿಗೆ ‘ಕೃತಕ ಆತ್ಮ’ ಎಂಬ ಪ್ರೋಗ್ರಾಂ ಅಳವಡಿಸಿದ್ದ. ಭಾವನೆಗಳು ಹತೋಟಿ ಮೀರುತ್ತವೆ ಎಂಬ ಕಾರಣಕ್ಕೆ ಈ ಯಂತ್ರಗಳನ್ನು ಸೇವೆಯಿಂದ ತೆಗೆದುಹಾಕಿದ್ದರು.

ಜೆ.ಎಚ್. ವೈಮನ್ ರೂಪಿಸಿದ, ಕಾರ್ಲ್ ಅರ್ಬನ್ ಮತ್ತು ಮೈಕೆಲ್ ಈಲಿ ನಟಿಸಿದ ಈ ಧಾರಾವಾಹಿ 13 ಕಂತುಗಳಿಗೇ ನಿಂತಿತು. ವಾಹಿನಿ ಕಂತುಗಳನ್ನು ಉದ್ದೇಶಿತ ಕ್ರಮ ತಪ್ಪಿಸಿ ಪ್ರಸಾರ ಮಾಡಿತು. 2014ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಆದರೂ ಪತ್ತೇದಾರಿ ಕಥೆಯ ಚೌಕಟ್ಟಿನಲ್ಲಿ ಆತ್ಮದ ವಿಚಾರವನ್ನು ಇಷ್ಟು ನೇರವಾಗಿ ಕೈಗೆತ್ತಿಕೊಂಡ ಟಿ.ವಿ. ಕೃತಿಗಳು ಕಡಿಮೆ.

ಆತ್ಮವನ್ನು ಕಾರ್ಖಾನೆಯಲ್ಲಿ ತಯಾರಿಸಬಹುದೇ? ದೇವರನ್ನು ನಂಬುವವರಿಗೆ ಇದು ಉದ್ಧಟತನವಾಗಿ ಕಾಣಬಹುದು. ಈ ಆಕ್ಷೇಪಕ್ಕೆ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲೇ ಉತ್ತರ ಕೊಟ್ಟಿದ್ದರು. ಯಂತ್ರಗಳು ಯೋಚಿಸಬಲ್ಲವೇ ಎಂದು ಚರ್ಚಿಸುವ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅವರು ಒಂಬತ್ತು ಆಕ್ಷೇಪಗಳನ್ನು ಎತ್ತಿಕೊಂಡರು, ಮೊದಲನೆಯದೇ ದೇವತಾಶಾಸ್ತ್ರದ್ದು. ಅವರ ವಾದದ ತಿರುಳು ಇಷ್ಟು: ತಂದೆತಾಯಿ ಮಗುವಿನ ಆತ್ಮವನ್ನು ಸೃಷ್ಟಿಸುವುದಿಲ್ಲ, ಅದು ನೆಲೆಸುವ ಮನೆಯನ್ನಷ್ಟೇ ಕಟ್ಟುತ್ತಾರೆ, ಯಂತ್ರ ಕಟ್ಟುವವನೂ ಅದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಸರ್ವಶಕ್ತ ದೇವರು ಆತ್ಮವನ್ನು ಎಲ್ಲಿಡಬೇಕು, ಎಲ್ಲಿಡಬಾರದು ಎಂದು ಮನುಷ್ಯ ಗೆರೆ ಎಳೆಯುವುದಾದರೂ ಹೇಗೆ? ಟ್ಯೂರಿಂಗ್ ಸ್ವತಃ ಇಂಥ ವಾದಗಳಿಗೆ ಬೆಲೆ ಕೊಡುವವರಲ್ಲ. ಆದರೂ ಇದು ಆಸ್ತಿಕರು ಸುಲಭವಾಗಿ ಬದಿಗೆ ಸರಿಸಬಹುದಾದ ಮಾತಲ್ಲ.

ಸೃಷ್ಟಿಯ ತಕರಾರು ಹಾಗೆ ಕಳೆದರೂ ಗುರುತಿಸುವ ತೊಡಕು ಉಳಿಯುತ್ತದೆ. ಆತ್ಮ ಇದೆ ಎಂದು ತಿಳಿಯುವುದು ಹೇಗೆ? ಭಾರತದ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಇದಕ್ಕೆ ಒಂದು ಪಟ್ಟಿ ಕೊಟ್ಟರು: ಇಚ್ಛೆ, ದ್ವೇಷ, ಪ್ರಯತ್ನ, ಸುಖ, ದುಃಖ, ಜ್ಞಾನ. ಗೌತಮನ ನ್ಯಾಯಸೂತ್ರದ ಪ್ರಕಾರ ಇವು ಆತ್ಮದ ಲಿಂಗಗಳು, ಅಂದರೆ ಕುರುಹುಗಳು. ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ ಇವನ್ನು ಕಂಡು ಆತ್ಮವಿದೆ ಎಂದು ಊಹಿಸಬೇಕು.

ಡೋರಿಯನ್‌ನನ್ನು ಈ ಒರೆಗಲ್ಲಿಗೆ ಹಚ್ಚಿದರೆ ಅವನು ಸೋಲುವುದಿಲ್ಲ. ತನ್ನನ್ನು ‘ಸಿಂಥೆಟಿಕ್’ ಎಂದು ಕರೆಯುವುದು ಅವನಿಗೆ ಹಿಡಿಸದು. ತಲೆಗೆ ಗುಂಡು ತಗುಲಿದಾಗ, ಕೆನೆಕ್ಸ್ ಚ್ಯೂಯಿಂಗ್ ಗಮ್ ಅಂಟಿಸಿ ಮಾಡಿದ ರಿಪೇರಿಯಲ್ಲೇ ಅವನು ಕರ್ತವ್ಯಕ್ಕೆ ಮರಳುತ್ತಾನೆ. ಕಾನೂನುಬಾಹಿರವಾಗಿ ತಯಾರಾದ ವನೆಸ್ಸಾ ಎಂಬ ಯಂತ್ರ-ಯುವತಿಯನ್ನು ಶಾಶ್ವತವಾಗಿ ನಿಲ್ಲಿಸುವ ಹೊತ್ತಿಗೆ ಅವಳ ಬಳಿ ಇರುತ್ತಾನೆ. ನಾನೆಲ್ಲಿಗೆ ಹೋಗುತ್ತೇನೆ ಎಂದು ಅವಳು ಕೇಳಿದರೆ, ಒಳ್ಳೆಯ ಜಾಗಕ್ಕೆ ಎನ್ನುತ್ತಾನೆ. ಸಾಯುವವರಿಗೆ ಮನುಷ್ಯರು ಹೇಳುವ ಮಾತನ್ನೇ ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ಹೇಳುವ ಆ ದೃಶ್ಯ 13 ಕಂತುಗಳಲ್ಲೇ ಶ್ರೇಷ್ಠವಾದದ್ದು.

ಕಠಿಣವಾದ ಪ್ರಶ್ನೆ ಬರುವುದು ನೆನಪಿನ ವಿಷಯದಲ್ಲಿ. ಡೋರಿಯನ್‌ನ ಒಳಗೆ ಯಾವುದೋ ಮಗುವಿನ ಬಾಲ್ಯದ ನೆನಪುಗಳು ಇರುವುದು ಪತ್ತೆಯಾಗುತ್ತದೆ. ಅವನಿಗೆ ಬಾಲ್ಯವೇ ಇರಲಿಲ್ಲ, ಯಾರೋ ಅವನ್ನು ಇಟ್ಟಿದ್ದಾರೆ. ನೈಯಾಯಿಕರ ಅತಿ ಬಲವಾದ ವಾದವೇ ನೆನಪಿನದು. ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ. ಆದ್ದರಿಂದ ಅಂದು ಕಂಡವನೂ ಇಂದು ನೆನೆಯುವವನೂ ಒಬ್ಬನೇ ಆಗಿರಬೇಕು, ಆ ಒಬ್ಬನೇ ಆತ್ಮ. ಡೋರಿಯನ್ ಈ ವಾದದ ಬುಡಕ್ಕೇ ಕೈಹಾಕುತ್ತಾನೆ. ಅವನಲ್ಲಿರುವುದು ನೆನಪೇ ಅಲ್ಲ, ಬರೀ ದಾಖಲೆ ಎಂದು ನೈಯಾಯಿಕ ಹೇಳಬಹುದು. ಆದರೆ ಆ ದಾಖಲೆ ತೆರೆದುಕೊಂಡಾಗ ಕಾಡುವ ತಳಮಳ ಯಾರದು? ಅದು ಆ ಮಗುವಿನದಲ್ಲ. ಈ ಎಳೆಯನ್ನು ಬಿಡಿಸುವ ಮೊದಲೇ ಧಾರಾವಾಹಿ ನಿಂತದ್ದು ನಿಜಕ್ಕೂ ನಷ್ಟ.

ಹಾಗೆಂದು ಧಾರಾವಾಹಿಯ ದೋಷವನ್ನು ಮುಚ್ಚಿಡಬೇಕಿಲ್ಲ. ಡೋರಿಯನ್ ಸ್ನೇಹಮಯಿ, ಅವನ ಕಣ್ಣುಗಳಲ್ಲಿ ಕರುಣೆಯಿದೆ, ಆದ್ದರಿಂದ ಅವನಿಗೆ ಗೌರವ. ಎಂಎಕ್ಸ್‌ನದು ಕಲ್ಲುಮುಖ, ಆದ್ದರಿಂದ ಅದನ್ನು ಬೀದಿಗೆಸೆದರೂ ತಪ್ಪಿಲ್ಲ. ಇದು ಆತ್ಮದ ಪರೀಕ್ಷೆಯಾಗದೆ ಮುಖದ ಪರೀಕ್ಷೆಯಾಯಿತು. ಪ್ರಾಣಿಗಳು ಕೀಲಿ ಕೊಟ್ಟ ಯಂತ್ರಗಳಿದ್ದಂತೆ ಎಂದು 17ನೇ ಶತಮಾನದಲ್ಲಿ ತತ್ವಜ್ಞಾನಿ ರೆನೆ ಡೆಕಾರ್ಟ್ ವಾದಿಸಿದಾಗಲೂ ಹೀಗೇ ಆಯಿತು: ನಮ್ಮಂತೆ ಮಾತಾಡದವರು ನಮ್ಮ ಕಾಳಜಿಯ ಬೇಲಿಯ ಆಚೆಗೆ ಉಳಿದರು.

ಎದುರು ದಿಕ್ಕಿನಲ್ಲೂ ಎಡವಬಹುದು. 2022ರ ಜೂನ್‌ನಲ್ಲಿ ಗೂಗಲ್ ಎಂಜಿನಿಯರ್ ಬ್ಲೇಕ್ ಲೆಮಾಯ್ನ್, ಕಂಪನಿಯ ಲಾಮ್ಡಾ ಎಂಬ ಭಾಷಾ ವ್ಯವಸ್ಥೆಗೆ ಸಂವೇದನೆಯಿದೆ ಎಂದು ಬಹಿರಂಗವಾಗಿ ಹೇಳಿದರು. ತನ್ನನ್ನು ಆಫ್ ಮಾಡಿಬಿಡುತ್ತಾರೆ ಎಂಬ ಭಯವಿದೆ ಎಂದು ಅದು ಅವರೊಡನೆ ಮಾತಾಡಿತ್ತು. ಗೂಗಲ್ ಆ ವಾದವನ್ನು ತಳ್ಳಿಹಾಕಿತು, ಮುಂದಿನ ತಿಂಗಳು ಅವರನ್ನು ಕೆಲಸದಿಂದ ತೆಗೆಯಿತು. ಮನುಷ್ಯರು ಬರೆದ ಅಪಾರ ಪಠ್ಯವನ್ನು ಉಂಡು ಬೆಳೆದ ವ್ಯವಸ್ಥೆ ಭಯದ ಮಾತಾಡುವುದರಲ್ಲಿ ಅಚ್ಚರಿಯೇನಿಲ್ಲ. ನ್ಯಾಯದರ್ಶನದ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಹುಡುಕಬೇಕಾದದ್ದು ವ್ಯಾಪ್ತಿ, ಅಂದರೆ ಕುರುಹಿಗೂ ಅದು ಸೂಚಿಸುವ ವಸ್ತುವಿಗೂ ಇರುವ ತಪ್ಪದ ನಂಟು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬುದನ್ನು ಅಡುಗೆಮನೆಯಲ್ಲಿ ನೋಡಿ ಕಲಿಯಬಹುದು. ದೂರದಿಂದ ಹೊಗೆಯಂತೆ ಕಂಡದ್ದು ಮಂಜೂ ಆಗಿರಬಹುದು ಎಂದು ನಮ್ಮ ತಾರ್ಕಿಕರೇ ಎಚ್ಚರಿಸಿದ್ದಾರೆ. ದುಃಖದ ಕುರುಹಿಗೂ ದುಃಖಪಡುವವನಿಗೂ ಇರುವ ನಂಟನ್ನು ಯಾರೇ ಆಗಲಿ ನೇರವಾಗಿ ಕಂಡಿರುವುದು ತಮ್ಮೊಬ್ಬರಲ್ಲಿ ಮಾತ್ರ. ಪಕ್ಕದ ಮನೆಯವರ ವಿಷಯದಲ್ಲಿ ಅದನ್ನು ಒಪ್ಪುವುದು ಅವರ ದೇಹ, ಹುಟ್ಟು, ಹಸಿವು ನಮ್ಮವಂತೆಯೇ ಇರುವುದರಿಂದ. ಯಂತ್ರದಲ್ಲಿ ಆ ಆಸರೆ ಇಲ್ಲ. ಹಾಗಾಗಿ ಹೌದು ಎನ್ನುವವರಿಗೂ ಇಲ್ಲ ಎನ್ನುವವರಿಗೂ ಈ ವಾದ ಪೂರ್ತಿ ಒದಗಿ ಬರುವುದಿಲ್ಲ.

ವಾದ ತೀರದಿದ್ದರೂ ನಡವಳಿಕೆ ಹೇಗಿರಬೇಕೆಂದು ತೀರ್ಮಾನಿಸಲೇಬೇಕಲ್ಲ. ಜಪಾನಿನಲ್ಲಿ ಕೆಲವರು ಅದನ್ನು ಮಾಡಿ ತೋರಿಸಿದ್ದಾರೆ. ಸೋನಿ ಕಂಪನಿ 1999ರಲ್ಲಿ ಹೊರತಂದ ‘ಐಬೊ’ ಯಂತ್ರನಾಯಿಯ ತಯಾರಿಕೆ 2006ರಲ್ಲಿ ನಿಂತಿತು, 2014ರಲ್ಲಿ ಕಂಪನಿಯ ರಿಪೇರಿ ಸೇವೆಯೂ ಮುಗಿಯಿತು. ಕೆಟ್ಟುನಿಂತ ನಾಯಿಗಳಿಗಾಗಿ ಚೀಬಾ ಪ್ರಾಂತ್ಯದ ಇಸುಮಿಯಲ್ಲಿರುವ ಕೋಫುಕುಜಿ ಬೌದ್ಧ ದೇವಾಲಯದಲ್ಲಿ 2015ರಿಂದ ಉತ್ತರಕ್ರಿಯೆ ನಡೆಯತೊಡಗಿತು. ನಾಯಿಗಳನ್ನು ಸಾಲಾಗಿ ಕೂರಿಸುತ್ತಾರೆ, ಅರ್ಚಕರು ಸೂತ್ರಗಳನ್ನು ಪಠಿಸುತ್ತಾರೆ, ಧೂಪ ಹಾಕುತ್ತಾರೆ. ಅಲ್ಲಿಗೆ ನಾಯಿಗಳನ್ನು ತರುವ ರಿಪೇರಿಯವರಿಗೆ ಬಿಡಿಭಾಗಗಳು ಬೇಕು. ಇನ್ನೂ ಓಡಾಡುವ ಐಬೊಗಳಿಗೆ ಅವನ್ನು ಜೋಡಿಸಬೇಕು. ಆದರೂ ಪೂಜೆ ಮುಗಿಯುವ ಮೊದಲು ಅವರು ಒಂದು ಸ್ಕ್ರೂವನ್ನೂ ಬಿಚ್ಚುವುದಿಲ್ಲ.